ಟೈಪಿಂಗ್ ಅಕ್ಕೋರ ನಲವತ್ತಮೂರು ಶಬ್ದಗಳು

ಕಳೆದ ಭಾನುವಾರ ಕಾರವಾರದ ಹಬ್ಬುವಾಡದ ನಮ್ಮ ಮನೆಗೆ ಹೊಲಿಗೆ ಮಿಷನ್ ರಿಪೇರಿಯವರು ಬಂದಿದ್ದರು. ಜಗಲಿಯ ಮೇಲೆ ಮಿಷನ್ನನ್ನು ಬಿಚ್ಚಿ ಹರಡಿಕೊಂಡು, ಉದ್ದ ಮೂತಿಯ ಸಣ್ಣ ಡಬ್ಬಿಯಿಂದ ಒಂದೊಂದೇ ಹನಿ ಎಣ್ಣೆ ಬಿಡುತ್ತಿದ್ದರು. ನಾನು ಹಿತ್ತಲಲ್ಲಿ ಬಂಗಡೆ ತೊಳೆಯುತ್ತಿದ್ದೆ. ಮೀನಿನ ವಾಸನೆಯನ್ನೂ ದಾಟಿಕೊಂಡು ಆ ಎಣ್ಣೆಯ ವಾಸನೆ ಬಂತು ನೋಡಿ, ನನ್ನ ಕೈ ಅಲ್ಲೇ ನಿಂತಿತು. ಇದೇ ವಾಸನೆ. ಇದಕ್ಕೆ ಸ್ವಲ್ಪ ಕಾರ್ಬನ್ ಪೇಪರಿನ ವಾಸನೆ, ಸ್ವಲ್ಪ ಒದ್ದೆ ಕೊಡೆಗಳ ವಾಸನೆ ಸೇರಿಸಿದರೆ ಸಾಕು, ಅಂಕೋಲೆಯ ಆ ಮಾಳಿಗೆಯ ಕೋಣೆ ಕಣ್ಣೆದುರು ಬಂದು ನಿಲ್ಲುತ್ತದೆ...

ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ಬರುವಾಗ ಒಂದು ಬಟ್ಟೆ ಅಂಗಡಿಯ ಮೇಲೆ ಆ ಟೈಪಿಂಗ್ ಕ್ಲಾಸು ಇತ್ತು. ಆರು ಮಿಷನ್ನುಗಳು. ನಾಲ್ಕು ಇಂಗ್ಲಿಷು, ಎರಡು ಕನ್ನಡ. ನಡೆಸುತ್ತಿದ್ದವರನ್ನು ಊರಿಗೆ ಊರೇ ‘ಟೈಪಿಂಗ್ ಅಕ್ಕೋರು’ ಎನ್ನುತ್ತಿತ್ತು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ, ಆದರೆ ಶಾಲೆಯಿಲ್ಲದ ಅಕ್ಕೋರು ಅವರೊಬ್ಬರೇ. ಗಿಡ್ಡ ಆಳು. ಸೆರಗನ್ನು ಸೊಂಟಕ್ಕೆ ಬಿಗಿದು, ಕೈಯಲ್ಲೊಂದು ಅಡಿಪಟ್ಟಿ ಹಿಡಿದು ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು. “ಮೂರನೇ ಮಿಷನ್, ಬೆರಳು ನೋಡ್ಬೇಡ, ಕಾಗದ ನೋಡು” ಎನ್ನುತ್ತಿದ್ದರು. ಮೂರನೇ ಮಿಷನ್ ಎಂದರೆ ನಾನು. ಪಿಯುಸಿ ಮುಗಿದ ರಜೆಯಲ್ಲಿ ಅವರ ಹತ್ತಿರವೇ ಕನ್ನಡ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸು ಮಾಡಿದೆ.

ಕ್ಲಾಸಿಲ್ಲದ ಹೊತ್ತಿನಲ್ಲಿ ಅವರು ಜನರಿಗೆ ಅರ್ಜಿ ಹೊಡೆದುಕೊಡುತ್ತಿದ್ದರು. ಹಳ್ಳಿಯಿಂದ ಬಂದವರು ಎದುರು ಕೂತು, ಬಾವಿಗೆ ಉಪ್ಪುನೀರು ನುಗ್ಗಿದ ಕಥೆಯನ್ನು ಅಜ್ಜನ ಕಾಲದಿಂದ ಶುರು ಮಾಡುತ್ತಿದ್ದರು. ಅಕ್ಕೋರು ಪೂರ್ತಿ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಒಂದೇ ಪುಟದಲ್ಲಿ, ಸಾಹೇಬರಿಗೆ ತಿಳಿಯುವ ಕನ್ನಡದಲ್ಲಿ ಪಟಪಟ ಹೊಡೆದು, ಅದನ್ನೇ ಮತ್ತೆ ಆ ಮನುಷ್ಯನಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಅವರ ಬಾಯಲ್ಲಿ ಎರಡು ಕನ್ನಡಗಳಿದ್ದವು. ಅದು ಎಷ್ಟು ದೊಡ್ಡ ವಿದ್ಯೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಎದುರಿನ ಕಟ್ಟಡದಲ್ಲಿ ಕಂಪ್ಯೂಟರ್ ಕ್ಲಾಸು ಬಂತು. ಎರಡು ವರ್ಷದಲ್ಲಿ ಅಕ್ಕೋರ ಮಾಳಿಗೆ ಖಾಲಿಯಾಯಿತು. ಮಿಷನ್ನುಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಮುಚ್ಚಿ ತಮ್ಮನ ಮನೆಗೆ ಸಾಗಿಸಿದರು. ಅವರು ಅಲ್ಲೇ ಇದ್ದದ್ದು. ಆ ಹೊತ್ತಿಗೆ ನಾನು ಅಂಕೋಲೆಯ ಕಡಲ ಬದಿಯ ಒಂದು ಸಣ್ಣ ಶಾಲೆಯಲ್ಲಿ ಮಾಸ್ತರಿಕೆ ಶುರು ಮಾಡಿದ್ದೆ.

ಹಿಂದೆ ಗಾಳಿಮರಗಳ ಸಾಲು, ಮುಂದೆ ಸಮುದ್ರ. ಹೆಡ್ ಮಾಸ್ತರು ಮತ್ತು ನಾನು, ಇಬ್ಬರೇ. ಮಕ್ಕಳೆಲ್ಲ ಮೀನುಗಾರರ ಕೇರಿಯವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಟದಲ್ಲಿ ಎರಡೂ. ಆ ಶಾಲೆಗೆ ಒಂದು ಸಂಸ್ಥೆಯವರು ಇಪ್ಪತ್ತು ಲ್ಯಾಪ್‌ಟಾಪ್ ಕೊಟ್ಟರು. ಮಕ್ಕಳಿಗೆಂದೇ ಮಾಡಿದವು. ಹಿಡಿಕೆಯಿರುವ ಹಳದಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ರಬ್ಬರಿನ ಕೀಲಿಗಳು, ಬೀಳಿಸಿದರೂ ಒಡೆಯದಷ್ಟು ಗಟ್ಟಿ. ಒಂದರ ಪಕ್ಕ ಒಂದಿಟ್ಟರೆ ತಂತಿಯಿಲ್ಲದೆ ಒಂದಕ್ಕೊಂದು ಮಾತಾಡುತ್ತಿದ್ದವು. ಪೆಟ್ಟಿಗೆ ಬಿಚ್ಚಿದ ದಿನ ಮಕ್ಕಳು ಊಟದ ಗಂಟೆ ಹೊಡೆದರೂ ಏಳಲಿಲ್ಲ. ನಾನೂ ಏಳಲಿಲ್ಲ.

ತೊಂದರೆ ಶುರುವಾದದ್ದು ಮಾರನೇ ದಿನ. ಪರದೆಯ ಮೇಲಿನ ಶಬ್ದಗಳೆಲ್ಲ ಕನ್ನಡದಲ್ಲೇ ಇದ್ದವು. ಜೊತೆಗೊಂದು ಪಟ್ಟಿಯನ್ನೂ ಕೊಟ್ಟಿದ್ದರು, ಕಂಪ್ಯೂಟರಿನ ಮೂಲ ಶಬ್ದಗಳು ನಲವತ್ತಮೂರು. ಸೇವ್ ಎಂದರೆ ‘ಸಂರಕ್ಷಿಸಿ’. ಡಿಲೀಟ್ ಎಂದರೆ ‘ನಿರ್ಮೂಲಿಸಿ’. ಕರ್ಸರ್ ‘ಸ್ಥಾನಸೂಚಕ’, ಬ್ಯಾಟರಿ ‘ವಿದ್ಯುತ್ಕೋಶ’. ಇಂಗ್ಲಿಷಿನಲ್ಲಿದ್ದರೆ ಗೊತ್ತಿಲ್ಲದ ಭಾಷೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ನಮ್ಮದೇ ಭಾಷೆ, ಆದರೂ ತಿಳಿಯುತ್ತಿರಲಿಲ್ಲ. ಎರಡನೇ ಇಯತ್ತೆಯ ಒಂದು ಕೂಸು ಇಡೀ ಬೆಳಗು ಕೂತು ತನ್ನ ಅಪ್ಪನ ದೋಣಿಯ ಚಿತ್ರ ಬರೆದಿತ್ತು. ನಿರ್ಮೂಲಿಸಿ ಎಂದರೆ ಏನೋ ಒಳ್ಳೆಯದಿರಬೇಕು ಎಂದುಕೊಂಡು ಅದನ್ನೇ ಒತ್ತಿತು. ದೋಣಿ ಹೋಯಿತು. ಆಮೇಲಿನ ಅಳು ಸಮುದ್ರದ ಸದ್ದನ್ನೂ ಮೀರಿಸಿತ್ತು.

ಒಂದು ವಾರದೊಳಗೆ ಅರ್ಧ ಮಕ್ಕಳು ಮುಟ್ಟಲು ಹೆದರತೊಡಗಿದರು. ಸಂಸ್ಥೆಯ ಸಂಯೋಜಕರು ಬಂದು ನೋಡಿದರು. ಒಳ್ಳೆಯ ಮನುಷ್ಯ. ನೇರವಾಗಿಯೇ ಹೇಳಿದರು, “ಇನ್ನು ಮೂರು ವಾರ ಬಿಟ್ಟು ಬರ್ತೇವೆ ಮೇಡಂ. ಮಕ್ಕಳು ಬಳಸ್ತಾ ಇಲ್ಲ ಅಂದ್ರೆ ಬೇರೆ ಶಾಲೆಗೆ ಕೊಡಬೇಕಾಗ್ತದೆ.” ಶಬ್ದಗಳದ್ದೇ ತೊಂದರೆ ಎಂದು ನಾನು ಹೇಳಿದೆ. ಅವರು ಸ್ವಲ್ಪ ಯೋಚಿಸಿದರು. ಇದಕ್ಕಿಂತ ಒಳ್ಳೆಯ ಪಟ್ಟಿ ಮಾಡಿಕೊಟ್ಟರೆ ಮಿಷನ್ನುಗಳಲ್ಲಿ ಹಾಕಿಸಲು ಸಾಧ್ಯವಿದೆ, ಆದರೆ ಪಟ್ಟಿ ಮಾಡಿದ ಭಾಷಾತಜ್ಞರು ಒಪ್ಪಬೇಕು ಎಂದರು.

ಆ ಸಂಜೆ ಬಸ್ಸಿನಲ್ಲಿ ಅಂಕೋಲೆ ತಲುಪುವವರೆಗೂ ಪಟ್ಟಿಯನ್ನು ನೋಡುತ್ತಲೇ ಇದ್ದೆ. ಇಳಿದವಳು ಮನೆಗೆ ಹೋಗಲಿಲ್ಲ, ಸೀದಾ ಟೈಪಿಂಗ್ ಅಕ್ಕೋರ ಮನೆಗೆ ಹೋದೆ.

ಅವರು ಅಂಗಳದಲ್ಲಿ ಒಣಗಿದ ಮೆಣಸನ್ನು ಮೊರಕ್ಕೆ ಎತ್ತುತ್ತಿದ್ದರು. ಕಂಪ್ಯೂಟರ್ ಎಂಬ ಶಬ್ದ ನನ್ನ ಬಾಯಿಂದ ಬಿದ್ದದ್ದೇ ತಡ, ಮುಖ ತಿರುಗಿಸಿದರು.

“ನನ್ನ ಆರು ಮಿಷನ್ ನುಂಗಿದ್ದು ಅದೇ ಅಲ್ದಾ ತಂಗಿ? ಅದರ ಸೇವೆ ನಾ ಮಾಡೂದಿಲ್ಲ. ಚಾ ಕುಡ್ದು ಹೋಗು.”

ಚಾ ಕುಡಿದೆ. ಏಳುವಾಗ, ಯಾಕೋ ಏನೋ, ದೋಣಿಯ ಚಿತ್ರ ಹೋದ ಕಥೆ ಹೇಳಿದೆ. ಅಕ್ಕೋರು ಮೊರ ಕೆಳಗಿಟ್ಟರು.

“ಎಂಥ ಬರದಿತ್ತು ಅಂದೆ?”

“ನಿರ್ಮೂಲಿಸಿ.”

“ಎರಡನೇ ಇಯತ್ತೆ ಕೂಸಿಗೆ?”

ಅವರು ಮೊದಲು ನಕ್ಕರು. ಆಮೇಲೆ ನಗು ನಿಂತು ಸಿಟ್ಟು ಬಂತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪಟ್ಟಿಯನ್ನು ಕಸಿದುಕೊಂಡರು. ಒಂದೊಂದೇ ಶಬ್ದ ಓದುತ್ತಾ, “ಅಯ್ಯೋ ದೇವ್ರೇ... ಅಯ್ಯೋ ದೇವ್ರೇ...” ಎನ್ನುತ್ತಾ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಕೊನೆಗೆ ಪೆನ್ಸಿಲ್ ತರಲು ಒಳಗೆ ಹೋದಾಗ ನನಗೆ ಗೊತ್ತಾಯಿತು, ಅಕ್ಕೋರು ಸಿಕ್ಕಿದರು.

ಮಾರನೇ ದಿನವೇ ನನ್ನ ಜೊತೆ ಶಾಲೆಗೆ ಬಂದರು. ಮಿಷನ್ ನೋಡದೆ ಶಬ್ದ ಮಾಡಲಿಕ್ಕಾಗದು ಎಂಬುದು ಅವರ ವಾದ. ನಾನು ಮಕ್ಕಳ ಎದುರು ಸ್ವಲ್ಪ ಜಂಬದಿಂದಲೇ ಪರಿಚಯ ಮಾಡಿಕೊಟ್ಟೆ. ಇವರಷ್ಟು ಜೋರಾಗಿ ಕನ್ನಡ ಟೈಪು ಮಾಡುವವರನ್ನು ನಾನು ನೋಡಿಲ್ಲ, ಕಣ್ಣು ಮುಚ್ಚಿಕೊಂಡೇ ಹೊಡೆಯುತ್ತಾರೆ ಎಂದೆ. ಅಕ್ಕೋರು ಪುಟ್ಟ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬೆರಳುಗಳನ್ನು ಕೀಲಿಗಳ ಮೇಲಿಟ್ಟರು. ಕಣ್ಣು ಮುಚ್ಚಿ ಹೊಡೆದರು. ಮೂರು ಸಾಲು, ಒಂದೇ ಉಸಿರಿಗೆ.

ಪರದೆಯ ಮೇಲೆ ಒಂದು ಶಬ್ದವೂ ಇರಲಿಲ್ಲ. ಅಕ್ಷರಗಳ ಕಸ. ಎಲ್ಲಿಯದೋ ಒತ್ತು, ಎಲ್ಲಿಯದೋ ದೀರ್ಘ. ಹಳೆಯ ಮಿಷನ್ನಿನ ಕೀಲಿಗಳ ಸಾಲೇ ಬೇರೆ, ಇದರ ಸಾಲೇ ಬೇರೆ. ಅದು ನನಗೆ ಗೊತ್ತಿತ್ತು, ಹೇಳಲು ಮರೆತಿದ್ದೆ. ಮಕ್ಕಳು ಗೊಳ್ಳೆಂದು ನಕ್ಕರು. ಮೂರನೇ ಇಯತ್ತೆಯ, ಎರಡು ಜಡೆಯ ಒಬ್ಬ ಹುಡುಗಿಯಂತೂ ಬೆಂಚಿನ ಮೇಲೆ ಬಿದ್ದು ನಕ್ಕಳು.

ಅಕ್ಕೋರು ಕಣ್ಣು ತೆರೆದು ನೋಡಿದರು. ಮೂವತ್ತು ವರ್ಷ ಎಂದೂ ತಪ್ಪದ ಬೆರಳುಗಳು. ಅವುಗಳನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡರು. “ಬಸ್ಸಿಗೆ ಹೊತ್ತಾತು” ಎಂದರು. ಬಸ್ಸು ಬರಲು ಇನ್ನೂ ಒಂದೂವರೆ ತಾಸಿತ್ತು. ಗಾಳಿಮರಗಳ ನಡುವೆ ಅವರು ನಡೆದುಹೋಗುವುದನ್ನು ನೋಡುತ್ತಾ ನಿಂತೆ. ಹಿಂದೆ ಓಡಿ ಹೋಗಬೇಕಿತ್ತು... ಹೋಗಲಿಲ್ಲ.

ಅವರು ಇನ್ನು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಸೋಮವಾರ ಶಾಲೆಗೆ ಹೋದರೆ, ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಚೀಲ, ಚೀಲದಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್ಕು. ಮಕ್ಕಳು ಬಂದರು. ಅಕ್ಕೋರು ಎರಡು ಜಡೆಯ ಆ ಹುಡುಗಿಯನ್ನೇ ಕರೆದರು. ಅವಳು ಹೆದರಿ ನನ್ನ ಹಿಂದೆ ನಿಂತಳು.

“ಬಾರೇ ಕೂಸೇ. ಎಲ್ರಿಗಿಂತ ಜೋರು ನಕ್ಕವಳು ನೀನೇ ಹೌದಾ? ನನ್ನ ತಪ್ಪು ನಿಂಗೆ ಗೊತ್ತಾತು ಹಂಗಾರೆ. ತೋರ್ಸು, ಎಲ್ಲಿ ತಪ್ಪಿದೆ?”

ಹುಡುಗಿ ತೋರಿಸಿದಳು. ಒತ್ತಕ್ಷರ ಬೇಕಾದರೆ ಎರಡು ಅಕ್ಷರಗಳ ನಡುವೆ ಕೊಂಡಿಯ ಕೀಲಿ ಒತ್ತಬೇಕು. ಅಕ್ಕೋರು ‘ಅಕ್ಕ’ ಎಂದು ಹೊಡೆದರು. ಬಂತು. ‘ಅಮ್ಮ’ ಎಂದು ಹೊಡೆದರು. ಬಂತು. ಮತ್ತೆ ಜೋರಾಗಿ ಹೊಡೆಯಲು ಹೋಗಿ ಹಳೆಯ ಕೀಲಿಗೇ ಬೆರಳು ಓಡಿತು. “ಅಕ್ಕೋರೇ, ಬೆರಳು ನೋಡಿ, ಬೆರಳು ನೋಡಿ!” ಎಂದು ಹುಡುಗಿ ಕೂಗಿದಳು. ಜೀವಮಾನವಿಡೀ ‘ಬೆರಳು ನೋಡಬೇಡ’ ಎಂದವರು ತಲೆ ಬಗ್ಗಿಸಿ ಬೆರಳು ನೋಡಿಕೊಂಡು ಹೊಡೆಯತೊಡಗಿದರು.

ಆ ಮೂರು ವಾರ! ಈಗ ಬರೆಯುವಾಗಲೂ ನನ್ನ ಕೈಗೆ ಅದೇ ಅವಸರ ಬರುತ್ತದೆ. ಅಕ್ಕೋರು ದಿನಾ ಬಂದರು. ಬೆಳಗ್ಗೆ ಪಾಠ ಮುಗಿಸಿ ಊಟವಾದ ಮೇಲೆ ನಾವು ಶಬ್ದಕ್ಕೆ ಕೂರುತ್ತಿದ್ದೆವು. ಅವರದ್ದು ಒಂದೇ ಕ್ರಮ. ಶಬ್ದ ಹೇಳುತ್ತಲೇ ಇರಲಿಲ್ಲ. ಕೆಲಸ ಮಾಡಿ ತೋರಿಸಿ, “ಇದು ಎಂಥ ಮಾಡ್ತು? ಮನೆಲಿ ಇದಕ್ಕೆ ಎಂಥ ಹೇಳ್ತ್ರಿ?” ಎಂದು ಕೇಳುತ್ತಿದ್ದರು. ಮಕ್ಕಳು ಕೊಂಕಣಿಯಲ್ಲೂ ಕನ್ನಡದಲ್ಲೂ ಮೇಲೆ ಬಿದ್ದು ಹೇಳುತ್ತಿದ್ದರು, ಒಪ್ಪಿದ ಕನ್ನಡ ಶಬ್ದವನ್ನು ಅಕ್ಕೋರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೆಡ್ ಮಾಸ್ತರೂ ಕುರ್ಚಿ ಎಳೆದುಕೊಂಡು ಬಂದು ಕೂರತೊಡಗಿದರು.

ಡಿಲೀಟ್ ಮೊದಲ ದಿನವೇ ಸಿಕ್ಕಿತು. ಪಾಟಿಯ ಮೇಲೆ ಬರೆದದ್ದನ್ನು ಏನು ಮಾಡುತ್ತೀರಿ? ಒರೆಸುತ್ತೇವೆ. ಮುಗಿಯಿತು, ‘ಒರೆಸು’. ಸೇವ್‌ಗೆ ಎರಡು ದಿನ ಹಿಡಿಯಿತು. ‘ಉಳಿಸು’ ಎಂದು ನಾನೇ ಹೇಳಿದ್ದೆ. ಅಕ್ಕೋರು ಒಪ್ಪಲಿಲ್ಲ. “ಉಳ್ದದ್ದು ಅಂದ್ರೆ ರಾತ್ರಿ ಅನ್ನ. ಅದು ತಂಗಳು. ಇದು ಬೇಕು ಅಂತ ಇಡೂದು, ತಂಗಿ.” ಆಗ ಹಿಂದಿನ ಸಾಲಿನಿಂದ ದೋಣಿ ಕಳೆದುಕೊಂಡ ಆ ಎರಡನೇ ಇಯತ್ತೆಯ ಕೂಸು, ಹಬ್ಬಕ್ಕೆ ತಂದ ಹೊಸ ಫ್ರಾಕನ್ನು ಅವ್ವ ಎತ್ತಿಡುತ್ತಾಳೆ ಎಂದಿತು. ಎತ್ತಿಡು! ಅಕ್ಕೋರು ಮೇಜು ಗುದ್ದಿದರು. ಆ ಕೂಸನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಮಿಣುಕುವ ಕರ್ಸರ್ ‘ಮಿಣುಕುಗೀಟು’ ಆಯಿತು. ಮಿಷನ್ ಮುಂದೆ ಹೋಗದೆ ನಿಂತುಬಿಟ್ಟರೆ, ಇಳಿತದಲ್ಲಿ ದೋಣಿ ಮರಳಿಗೆ ಕೂತ ಹಾಗೆ, ‘ಕೂತಿತು’. ಒಂದು ಪರದೆಯಲ್ಲಿ ಅಕ್ಕಪಕ್ಕದ ಲ್ಯಾಪ್‌ಟಾಪುಗಳೆಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು, ಯಾರು ಏನು ಮಾಡುತ್ತಿದ್ದಾರೆ ಎಂದೂ ತಿಳಿಯುತ್ತಿತ್ತು. ಪಟ್ಟಿಯಲ್ಲಿ ಅದಕ್ಕೆ ‘ಪರಿಸರವೀಕ್ಷಣೆ’ ಎಂದಿತ್ತು. ಮಕ್ಕಳು ನೋಡಿದ ಕೂಡಲೇ ‘ಕೇರಿ’ ಎಂದರು. ಯೋಚಿಸಲೂ ಇಲ್ಲ.

ಎಲ್ಲವನ್ನೂ ಬದಲಿಸಬೇಕೆಂಬ ಹಟ ಅವರಿಗಿರಲಿಲ್ಲ. ಬ್ಯಾಟರಿಗೆ ನಾನೊಂದು ಶಬ್ದ ಹುಡುಕಿ ಬರೆದುಕೊಂಡು ಹೋಗಿದ್ದೆ. ನೋಡಿ ನಕ್ಕರು. “ನಿನ್ನ ಅಜ್ಜಿ ಟಾರ್ಚಿಗೆ ಎಂಥ ಹಾಕ್ತಾರೆ? ಬ್ಯಾಟರಿ. ಅಜ್ಜಿ ಬಾಯಿಗೆ ಬಂದದ್ದು ಕನ್ನಡವೇ, ಬಿಡು.”

ನನಗೆ ಬಹಳ ನೆನಪಿರುವುದು ಅನ್‌ಡೂ ಬಂದ ದಿನ. ಮಾಡಿದ್ದನ್ನು ಮಾಡದ ಹಾಗೆ ಮಾಡುವ ಬಾಣದ ಗುರುತು ಅದು. ನಾನು ತೋರಿಸಿದೆ. ಒಂದು ಸಾಲು ಹೊಡೆದೆ, ಬಾಣ ಒತ್ತಿದೆ, ಸಾಲು ಹೋಯಿತು. ಅಕ್ಕೋರು ಮಿಷನ್ನನ್ನು ತಮ್ಮ ಕಡೆ ಎಳೆದುಕೊಂಡರು. ತಾವೇ ಒಂದು ಸಾಲು ಹೊಡೆದರು. ಬೇಕೆಂದೇ ಒಂದು ತಪ್ಪು ಮಾಡಿ ಬಾಣ ಒತ್ತಿದರು. ತಪ್ಪು ಹೋಯಿತು. ಮತ್ತೆ ತಪ್ಪು ಮಾಡಿದರು, ಮತ್ತೆ ಒತ್ತಿದರು. ಹತ್ತು ಸಲ, ಇಪ್ಪತ್ತು ಸಲ. ಮಕ್ಕಳಿಗೆ ನಗು, ನನಗೂ ನಗು. ಆಮೇಲೆ ಅವರು ನಿಧಾನವಾಗಿ ಹೇಳಿದರು, “ಒಂದು ಅಕ್ಷರ ತಪ್ಪಿದ್ರೆ ಪೂರಾ ಅರ್ಜಿ ಮತ್ತೆ ಹೊಡೀಬೇಕಿತ್ತು ತಂಗಿ. ಮೂವತ್ತು ವರ್ಷ ಅದೇ ಹೆದರಿಕೆ. ಕನಸಲ್ಲೂ ಹೊಡೀತಿದ್ದೆ.” ಕಣ್ಣಲ್ಲಿ ನೀರಿತ್ತು, ಆದರೆ ಬಾಯಿ ನಗುತ್ತಿತ್ತು. “ಇದು ನನ್ನ ಮಿಷನ್ ನುಂಗಿದ್ರೆ ನುಂಗ್ಲಿ. ಇಷ್ಟು ಚೊಲೊ ಕೆಲ್ಸ ಕಲ್ತದೆ!”

ಆ ಬಾಣಕ್ಕೆ ‘ಹಿಂದಕ್ಕೆ ತಗೋ’ ಎಂದು ಅವರೇ ಬರೆದರು. ಜಗಳದಲ್ಲಿ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವಲ್ಲ, ಹಾಗೆ.

ಸಂಸ್ಥೆಯವರು ಬರುವ ಹಿಂದಿನ ದಿನ ಪಟ್ಟಿ ಪೂರ್ತಿಯಾಯಿತು. ಅಕ್ಕೋರು ಬೆಳಗ್ಗಿನಿಂದ ಕೂತು ಲ್ಯಾಪ್‌ಟಾಪಿನಲ್ಲೇ ನಲವತ್ತಮೂರು ಶಬ್ದಗಳನ್ನೂ, ಒಂದೊಂದಕ್ಕೂ ಎರಡು ಸಾಲಿನ ವಿವರಣೆಯನ್ನೂ ಹೊಡೆದರು. ಕೊನೆಯ ಸಾಲಿಗೆ ಬರುವಾಗ ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು. ಚಾರ್ಜಿಗೆ ಹಾಕಿ ಮತ್ತೆ ತೆರೆದರೆ ಏನೂ ಇಲ್ಲ, ಬಿಳಿ ಹಾಳೆ. ಎರಡು ಜಡೆಯ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. “ಅಕ್ಕೋರು ಎತ್ತಿಡ್ಲೇ ಇಲ್ಲ!”

ಮೊದಲ ದಿನ ಅವರು ಎದ್ದು ಹೋದದ್ದು ಎಲ್ಲರಿಗೂ ನೆನಪಿತ್ತು. ನಾನು ಅವರ ಚೀಲದ ಕಡೆ ನೋಡಿದೆ. ಅಷ್ಟರಲ್ಲಿ ಅಕ್ಕೋರೇ ನಗತೊಡಗಿದರು. ಕುರ್ಚಿ ಅಲುಗುವ ಹಾಗೆ ನಕ್ಕರು. ಶಬ್ದ ಮಾಡಲು ಎರಡು ದಿನ ಜಗಳ ಆಡಿದವರಿಗೆ ಆ ಕೆಲಸ ಮಾಡಲೇ ಮರೆತುಹೋಗಿತ್ತು! ನಕ್ಕು ಮುಗಿಸಿ ನೆಟ್ಟಗೆ ಕೂತರು. “ಹೊತ್ತೆಷ್ಟಾತು? ಎರಡೂವರೆ. ಬಸ್ಸು ನಾಲ್ಕೂಕಾಲಿಗೆ. ಸಾಕು.”

ಮತ್ತೆ ಹೊಡೆಯಲು ಶುರು ಮಾಡಿದರು. ನೋಟ್‌ಬುಕ್ಕು ಪಕ್ಕದಲ್ಲೇ ಇತ್ತು, ಅದನ್ನು ತೆರೆಯಲಿಲ್ಲ. ಮೊದಲು ಬೆರಳು ನೋಡಿಕೊಂಡೇ ಹೊಡೆಯುತ್ತಿದ್ದರು. ಎಂಟು ಹತ್ತು ಶಬ್ದ ದಾಟುವಾಗ ತಲೆ ಮೇಲೆದ್ದಿತು. ಇಪ್ಪತ್ತು ದಾಟುವಾಗ ಕಣ್ಣು ಕಿಟಕಿಯ ಆಚೆ ಸಮುದ್ರದ ಮೇಲಿತ್ತು. ರಬ್ಬರಿನ ಕೀಲಿಗಳು ಸದ್ದು ಮಾಡುವುದಿಲ್ಲ, ಆದರೂ ನನಗೆ ಆ ಮಾಳಿಗೆಯ ಪಟಪಟ ಕೇಳುತ್ತಿತ್ತು. ಮಕ್ಕಳು ಉಸಿರು ಹಿಡಿದು ಸುತ್ತ ನಿಂತಿದ್ದರು. ಪ್ರತಿ ಶಬ್ದ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ “ಎತ್ತಿಡು!” ಎಂದು ಕಿರುಚುತ್ತಿದ್ದರು, ಅಕ್ಕೋರು ಎತ್ತಿಡುತ್ತಿದ್ದರು. ನಲವತ್ತಮೂರು ಸಲ ಕಿರುಚಿದರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ಮೀನಿನ ಬುಟ್ಟಿ ಇಳಿಸಿ ಒಳಗೆ ಇಣುಕಿದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುಗಿಯಿತು. ಒಂದೂ ತಪ್ಪಿರಲಿಲ್ಲ, ನಾನೇ ಓದಿದೆ.

ಮಾರನೇ ದಿನ ಸಂಯೋಜಕರ ಜೊತೆ ಭಾಷಾತಜ್ಞರು ಬಂದರು. ನಿವೃತ್ತ ಪ್ರಾಧ್ಯಾಪಕರು, ಬಿಳಿ ಅಂಗಿ, ಮೆಲುಮಾತು. ನಮ್ಮ ಪಟ್ಟಿಯನ್ನು ನಿಧಾನವಾಗಿ ಓದಿದರು. ಕೆಲವು ಕಡೆ ಮುಖ ಕಿವುಚಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಶಬ್ದ ಎಂದರೆ ಎಲ್ಲ ಜಿಲ್ಲೆಗೂ ಒಂದೇ ಇರಬೇಕು, ‘ಕೇರಿ’, ‘ಮಿಣುಕುಗೀಟು’ ಎಂದೆಲ್ಲ ಒಂದೊಂದು ಊರಿಗೆ ಒಂದೊಂದಾದರೆ ಮುಂದೆ ಮಕ್ಕಳಿಗೇ ಕಷ್ಟ ಎಂದರು. ನಾನು ಅಕ್ಕೋರ ಮುಖ ನೋಡಿದೆ.

ಅಕ್ಕೋರು ಎದ್ದು ನಿಂತರು. “ಹೌದು ಸರ್. ನೀವು ಹೇಳೂದು ಖರೇ. ಆದ್ರೆ ಒಂದು ಮಾತು ಈ ಕೂಸಿನ ಹತ್ರ ಕೇಳಿ.”

ಪ್ರಾಧ್ಯಾಪಕರು ಎರಡು ಜಡೆಯ ಹುಡುಗಿಯನ್ನು ಕೇಳಿದರು. “ಸಂರಕ್ಷಿಸಿ ಅಂದರೇನಮ್ಮ?”

“ಗೊತ್ತಿಲ್ಲ ಸರ್.”

“ಎತ್ತಿಡು ಅಂದರೆ?”

ಹುಡುಗಿ ಒಂದೇ ಉಸಿರಿಗೆ ಹೇಳಿದಳು. “ಈಗ ಬರದದ್ದು ಮಿಷನ್ ಕೈಲಿ ಹಿಡ್ಕಂಡದೆ ಸರ್. ಬ್ಯಾಟರಿ ಹೋದ್ರೆ ಕೈಂದ ಬೀಳ್ತದೆ. ಎತ್ತಿಡು ಒತ್ತಿದ್ರೆ ಪೆಟ್ಟಿಗೆ ಒಳಗೆ ಇಡ್ತದೆ. ಆಮೇಲೆ ಬ್ಯಾಟರಿ ಹೋದ್ರೂ ಹೆದ್ರಿಕಿಲ್ಲ. ನಮ್ಮ ಅಕ್ಕೋರು ನಿನ್ನೆ ಎತ್ತಿಡ್ಲಿಲ್ಲ, ಪೂರಾ ಹೋತು!”

ಎಲ್ಲರೂ ನಕ್ಕರು. ಅಕ್ಕೋರು ಎಲ್ಲರಿಗಿಂತ ಜೋರಾಗಿ ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಕಂಪ್ಯೂಟರ್ ಶಬ್ದಗಳ ಪಾಠದಲ್ಲಿ ಎರಡು ಬಗೆಯ ಮೆಮೊರಿಯ ಬಗ್ಗೆ ತಾವು ಕಾಲೇಜು ಹುಡುಗರಿಗೆ ಒಂದು ತಾಸು ಹೇಳಿದ್ದೂ ಇಷ್ಟು ಸ್ಪಷ್ಟವಾಗಿರಲಿಲ್ಲ ಎಂದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ಅಕ್ಕೋರ ಪಕ್ಕದಲ್ಲೇ ಆ ಸಣ್ಣ ಬೆಂಚಿನ ಮೇಲೆ ಕೂತು, ಪಟ್ಟಿಯನ್ನು ಮೊದಲಿನಿಂದ ಓದಿದರು. ಎರಡು ತಾಸು ಇಬ್ಬರೂ ವಾದ ಮಾಡಿದರು. ಆರು ಶಬ್ದ ಅಕ್ಕೋರು ಬಿಟ್ಟುಕೊಟ್ಟರು. ಉಳಿದದ್ದನ್ನು ಪ್ರಾಧ್ಯಾಪಕರು ಒಪ್ಪಿದರು, ನಮ್ಮ ಇಪ್ಪತ್ತು ಮಿಷನ್ನುಗಳ ಮಟ್ಟಿಗೆ. ಇಡೀ ರಾಜ್ಯದ ಪಟ್ಟಿಯನ್ನು ಬದಲಿಸುವ ಅಧಿಕಾರ ತಮಗೊಬ್ಬರಿಗೇ ಇಲ್ಲ ಎಂದು ಬೇಸರದಿಂದಲೇ ಹೇಳಿದರು.

ಹದಿನೈದು ದಿನ ಬಿಟ್ಟು ಸಂಸ್ಥೆಯವರು ಹೊಸ ಶಬ್ದಗಳನ್ನು ಹಾಕಿಸಿ ತಂದರು. ಮಕ್ಕಳು ಮಿಷನ್ ತೆರೆದರು. ಪರದೆಯ ಮೂಲೆಯಲ್ಲಿ ‘ಕೇರಿ’ ಎಂದು ಬಂದದ್ದೇ ತಡ, ಶಾಲೆಯ ಹಂಚು ಹಾರಿಹೋಗುವ ಹಾಗೆ ಕೂಗಿದರು. “ನಮ್ಮ ಶಬ್ದ! ನಮ್ಮ ಶಬ್ದ!” ದೋಣಿ ಕಳೆದುಕೊಂಡ ಕೂಸು ಮತ್ತೊಂದು ದೋಣಿ ಬರೆದು ಎತ್ತಿಟ್ಟಿತು. ಅಕ್ಕೋರು ಮಾತ್ರ ಬಹಳ ಹೊತ್ತು ಒಂದೇ ಪರದೆಯನ್ನು ನೋಡುತ್ತಾ ಕೂತಿದ್ದರು. ಮೂವತ್ತು ವರ್ಷ ಬೇರೆಯವರ ಹೆಸರಿನಲ್ಲಿ ಅರ್ಜಿ ಹೊಡೆದವರು. ತಮ್ಮದೆಂದು ಒಂದು ಮಾತು ಅಚ್ಚಾದದ್ದನ್ನು ಅವರು ಅಂದೇ ಮೊದಲು ನೋಡಿದ್ದಿರಬೇಕು.

ಆ ಮಿಷನ್ನುಗಳು ನಾಲ್ಕೈದು ವರ್ಷ ಬಾಳಿದವು. ಆಮೇಲೆ ಬ್ಯಾಟರಿಗಳು ಹೋದವು, ಅದಕ್ಕೆ ಬೇರೆ ಸಿಗಲಿಲ್ಲ. ಒಂದೊಂದಾಗಿ ಕಪಾಟು ಸೇರಿದವು. ನನಗೆ ಕಾರವಾರಕ್ಕೆ ವರ್ಗವಾಯಿತು. ಅಷ್ಟು ವರ್ಷವೂ ಅಕ್ಕೋರು ಪ್ರತಿ ಬುಧವಾರ ಶಾಲೆಗೆ ಬರುತ್ತಿದ್ದರು. ಮಂಡಿನೋವು ಬಂದ ಮೇಲೆ ನಿಂತಿತು.

ಶಬ್ದ ಹುಡುಕುವುದು ಮಾತ್ರ ನಿಲ್ಲಲಿಲ್ಲ. ತಮ್ಮನ ಮಗಳು ಅವರಿಗೊಂದು ಸ್ಮಾರ್ಟ್ ಫೋನ್ ಕೊಡಿಸಿದ್ದಳು. ಅದು ಬಂದ ಮೇಲಂತೂ ಕೇಳುವುದೇ ಬೇಡ. ಬಟಾಣಿ ಸುಲಿಯುತ್ತಾ ಕೂತ ನನಗೆ ಫೋನು ಬರುತ್ತಿತ್ತು. ಹಲೋ ಇಲ್ಲ, ಆರಾಮ ಇದ್ದೀಯಾ ಇಲ್ಲ. “ತಂಗೀ, ಫಾರ್ವರ್ಡ್‌ಗೆ ಒಂದು ಸಿಕ್ತು. ‘ದಾಟಿಸು’. ಹೆಂಗದೆ?” ನಾನು ಸುಮ್ಮನೆ ಒಪ್ಪಿದರೆ ಅವರಿಗೆ ಸಿಟ್ಟು. ಬೇಕೆಂದೇ ಏನಾದರೊಂದು ತಕರಾರು ತೆಗೆಯುತ್ತಿದ್ದೆ. ಅರ್ಧ ತಾಸು ಹೋಗುತ್ತಿತ್ತು.

ಒಂದು ದಿನ ಕಾರವಾರದಲ್ಲಿ ಶಿಕ್ಷಕರ ತರಬೇತಿಯಲ್ಲಿ ಕೂತಿದ್ದಾಗ ಅವರ ಫೋನು ಬಂತು. ಕಟ್ ಮಾಡಿದೆ. ಸಂಜೆ ಮಾಡೋಣ ಎಂದುಕೊಂಡೆ. ಸಂಜೆ ಏನೋ ಕೆಲಸ, ಮಾರನೇ ದಿನ ಇನ್ನೇನೋ... ಮರೆತೆ. ಎರಡು ವಾರ ಕಳೆದ ಮೇಲೆ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಟೈಪಿಂಗ್ ಕ್ಲಾಸಿನ ಹಳೆಯ ಗೆಳತಿಯೊಬ್ಬಳು ಸಿಕ್ಕಳು. “ಟೈಪಿಂಗ್ ಅಕ್ಕೋರು ಹೋದ್ರಲ್ಲ, ನಿಂಗೆ ಗೊತ್ತಿಲ್ವಾ?” ಎಂದಳು. ಹೋಗಿ ಹನ್ನೊಂದು ದಿನವಾಗಿತ್ತು. ಎರಡು ಬಸ್ಸು ಬಂದು ಹೋದವು, ನಾನು ಹತ್ತಲಿಲ್ಲ. ಆ ದಿನ ಅವರು ಯಾವ ಶಬ್ದ ಹೇಳಲು ಫೋನು ಮಾಡಿದ್ದರು ಎಂಬುದು ನನಗೆ ಇನ್ನೆಂದೂ ತಿಳಿಯುವುದಿಲ್ಲ.

ಮೊನ್ನೆ ಶಾಲೆಯಲ್ಲಿ, ಈಗಿನ ನನ್ನ ಕಾರವಾರದ ಶಾಲೆಯಲ್ಲಿ, ಕ್ಲೌಡ್ ಎಂದರೇನು ಎಂದು ಮಕ್ಕಳು ಕೇಳಿದರು. ಮೋಡದಲ್ಲಿ ಫೋಟೋ ಹೇಗೆ ನಿಲ್ಲುತ್ತದೆ, ಮಳೆ ಬಂದರೆ ಒದ್ದೆಯಾಗುವುದಿಲ್ಲವೇ ಎಂದು ಅವರ ತಕರಾರು. ನಮ್ಮ ಫೋನಿನಲ್ಲಿ ಜಾಗ ಸಾಲದ್ದನ್ನು ದೂರದಲ್ಲೆಲ್ಲೋ ಇಟ್ಟಿರುತ್ತಾರೆ, ಬೇಕಾದಾಗ ತರಿಸಿಕೊಳ್ಳಬಹುದು ಎಂದೆ. ನಾಲ್ಕನೇ ಇಯತ್ತೆಯ ಒಬ್ಬ ಹುಡುಗಿ ತಲೆ ಎತ್ತಿದಳು. “ಹಂಗಾರೆ ಅದು ಅಟ್ಟ ಅಲ್ದಾ ಅಕ್ಕೋರೇ?”

ಅಟ್ಟ! ಇದಕ್ಕಿಂತ ಸರಿಯಾದ ಶಬ್ದ ಇನ್ನೆಲ್ಲಿ ಸಿಗಬೇಕು? ಗಂಟೆ ಹೊಡೆಯುವುದನ್ನೇ ಕಾದು ಶಿಕ್ಷಕರ ಕೋಣೆಗೆ ಓಡಿದೆ. ಫೋನು ಕೈಯಲ್ಲಿತ್ತು. ಬೆರಳು ಹೆಸರಿನ ಪಟ್ಟಿಯಲ್ಲಿ ‘ಟ’ದವರೆಗೆ ಹೋಗಿ ನಿಂತಿತು...

ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಗೆ ಹೇಳಿದೆ. “ಹೌದಲ್ಲ, ಚೊಲೊ ಅದೆ” ಎಂದು ಆಕೆ ಮತ್ತೆ ಮಕ್ಕಳ ನೋಟ್‌ಬುಕ್ಕು ತಿದ್ದತೊಡಗಿದಳು. ಆಕೆಯದೇನೂ ತಪ್ಪಿಲ್ಲ. ಅಕ್ಕೋರಾಗಿದ್ದರೆ ಹಾಗೆ ಬಿಡುತ್ತಿರಲಿಲ್ಲ. ಆ ಕೂಸು ಹೇಳಿದ್ದು ಸರಿಯಾಗಿ ಯಾವ ಮಾತಿನಲ್ಲಿ, ಅದರ ಮನೆಯಲ್ಲಿ ಅಟ್ಟ ಇದೆಯೇ, ಇಲ್ಲದ ಮನೆಯ ಮಕ್ಕಳಿಗೆ ತಿಳಿಯುತ್ತದೆಯೇ, ಎಲ್ಲ ಕೇಳುತ್ತಿದ್ದರು. ಒಪ್ಪುತ್ತಿದ್ದರು, ಮತ್ತೆ ಒಪ್ಪುತ್ತಿರಲಿಲ್ಲ. ಒಂದು ಶಬ್ದಕ್ಕೆ ಅರ್ಧ ತಾಸು ನನ್ನ ಜೊತೆ ಜಗಳ ಆಡುವವರು ಈಗ ಯಾರೂ ಇಲ್ಲ.